ಮರಳಿನ ಮೇಲೆ ಅತ್ತೆ-ಸೊಸೆ

ಕಲಂಗುಟ್, ಗೋವಾ
೧೮ ಸೆಪ್ಟೆಂಬರ್ ೨೦೦೭

ಮುದ್ದಿನ ಮಗಳು ಗೀತಾಂಜಲಿಗೆ,

ನಿನ್ನ ಅವ್ವ ದೂರದಿಂದಲೇ ನಿನ್ನ ನೆತ್ತಿ ಸವರಿ ಬರೆಯುವುದು. ನಿನ್ನ ಪತ್ರ ಮುಟ್ಟಿತು. ಬಂದವರೆದುರು ಗಂಡ ನಿನ್ನ ಕೆನ್ನೆಗೆ ಹೊಡೆದದ್ದು, ಆಮೇಲೆ ತನ್ನ ಕಾಲಿಗೇ ಬೀಳೆಂದದ್ದು, ನೀನು ಒಲ್ಲೆನೆಂದದ್ದು ಎಲ್ಲ ಓದಿದೆ. ಇದು ನನ್ನ ಸೊಕ್ಕೇನು ಎಂದು ಕೇಳಿದ್ದೀ. ಉತ್ತರ ಹೇಳುವ ಮುಂಚೆ ಇಲ್ಲಿಯದೊಂದು ಸಂಗತಿ ಕೇಳು.

ನಿನ್ನ ಅತ್ತಿಗೆ ಅಂಬಿಕಾ ನಸುಕಿನಲ್ಲೆದ್ದು ಎಲ್ಲಿಗೋ ಹೋಗುತ್ತಿದ್ದಳು. ಜೂಡೊ ಕಲಿಯುತ್ತಾಳೆಂದು ನಿಮ್ಮಣ್ಣ ಸೋಮು ಹೇಳಿದರೂ ನನಗೆ ನಂಬಿಕೆ ಬರಲಿಲ್ಲ. ಒಂದು ದಿನ ಅವಳ ಹಿಂದೆಯೇ ಹೋದೆ. ದಂಡೆಯ ತುಂಬ ಮಂಜು. ಸಮುದ್ರ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಹತ್ತಿತು ತಿಳಿಯುತ್ತಿರಲಿಲ್ಲ. ಆ ಮಂಜಿನೊಳಗೆ ಬಿಳಿ ಅಂಗಿಯ ಹೆಣ್ಣುಮಕ್ಕಳು ಸದ್ದಿಲ್ಲದೆ ಮರಳಿಗೆ ಬೀಳುತ್ತಿದ್ದರು, ಏಳುತ್ತಿದ್ದರು. ನಾನಿನ್ನೂ ಹಾಸಿಗೆಯಲ್ಲೇ ಇದ್ದೇನೋ ಅನ್ನಿಸಿತು.

ಕಲಿಸುವಾಕೆ ಫಿಲೋಮಿನಾ ಬಾಯಿ, ಇಲ್ಲಿಯ ಶಾಲೆಯ ಟೀಚರು. ಕಾವಲು ಕೂತ ನನ್ನನ್ನು ಕಂಡು, ಸುಮ್ಮನೆ ಕೂರುವ ಬದಲು ಬಂದು ಬೀಳಿ ಎಂದು ನಕ್ಕಳು. ಸೀರೆಗೆ ಕಚ್ಚೆ ಹಾಕಿಸಿ, ಮೇಲೊಂದು ಬಿಳಿ ಅಂಗಿ ತೊಡಿಸಿದಳು. ಮೊದಲ ಪಾಠ ಬೀಳುವುದೇ. ಕಲಿಸಲು ಅಂಬಿಕಾಳನ್ನೇ ಹಚ್ಚಿದಳು. ಜೂಡೊದಲ್ಲಿ ಕೈಹಚ್ಚುವ ಮುಂಚೆ ಎದುರಿನವರಿಗೆ ಬಾಗಬೇಕಂತೆ. ಸೊಸೆಗೆ ತಲೆಬಾಗಬೇಕಲ್ಲ ಎಂದು ನನ್ನ ಬೆನ್ನು ಸೆಟೆಯಿತು. ನೋಡಿದರೆ ಅವಳಾಗಲೇ ನನಗೆ ಬಾಗಿ ನಿಂತಿದ್ದಳು. ನಾನೂ ಬಾಗಿದೆ.

"ಅತ್ತಿ, ಗದ್ದ ಎದಿಗೆ ಹಚ್ರಿ. ಉಸಿರು ಬಿಗಿ ಹಿಡೀಬ್ಯಾಡ್ರಿ" ಎಂದವಳೇ ತೋಳು ಹಿಡಿದು ಕೆಡವಿದಳು. ಬೀಳುವ ಆ ಗಳಿಗೆ ಯಾರೋ ನನ್ನ ತೊಟ್ಟಿಲು ಜೀಕಿದಂತಿತ್ತು. ಮರಳು ತಣ್ಣಗಿತ್ತು. ಏಳಲು ಮನಸ್ಸೇ ಬರಲಿಲ್ಲ.

ಅಂದಿನಿಂದ ಹೋಟೆಲಿನ ಕಸ ಗುಡಿಸಲು ಹೋಗುವ ಮುಂಚೆ ಅಲ್ಲಿಗೆ ಹೋಗುತ್ತೇನೆ. ಹೋದ ವಾರ ಎದುರುಬದುರು ನಿಂತಾಗ ಅಂಬಿಕಾಳ ಕಾಲು ಜಾರಿತು, ನಾನು ಎಳೆದೆ, ಅವಳು ಅಂಗಾತ ಬಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಉಬ್ಬಿಹೋದೆ. ಅವಳ ಅಡುಗೆಗೆ, ನಡೆಗೆ ಹೆಸರಿಡುತ್ತ, ಕೊಂಕು ತೆಗೆಯುತ್ತ ಬಂದ ನಾಲಿಗೆಯಲ್ಲಿ ಒಂದು ಚುಚ್ಚುಮಾತು ತಯಾರಿತ್ತು. ಅವಳು ಮರಳು ಕೊಡವಿಕೊಂಡು ಎದ್ದಳು. ಮೊದಲಿಗಿಂತ ಹೆಚ್ಚು ಬಾಗಿದಳು.

"ಹ್ಯಾಂಗ ಎಳದ್ರಿ ಅತ್ತಿ? ಇನ್ನೊಮ್ಮೆ ತೋರಸ್ರಿ, ನಾನೂ ಕಲೀತೇನಿ."

ಅಣಕವಿರಲಿಲ್ಲ, ಖರೇನೇ ಕೇಳುತ್ತಿದ್ದಳು. ಬಾಯಿಗೆ ಬಂದ ಮಾತು ಒಳಗೇ ಹೋಯಿತು. ನಿನ್ನ ಕಾಲು ಜಾರಿತವ್ವ, ನನ್ನದೇನೂ ಇಲ್ಲ ಎಂದೆ.

ಸಂಜೆ ಅವಳು ರೊಟ್ಟಿ ಬಡಿಯುವಾಗ ಹತ್ತಿರ ಕೂತು, ಹರಿಯದ ಹಾಗೆ ಇಷ್ಟು ತೆಳ್ಳಗೆ ಹೇಗೆ ಬಡಿಯುತ್ತೀ, ನನಗೂ ಹೇಳಿಕೊಡು ಎಂದೆ. ಮದುವೆಯಾಗಿ ಬಂದ ಮೇಲೆ ಮೊದಲ ಸಲ ಅವಳು ನನ್ನೆದುರು ಬಾಯಿತುಂಬ ನಕ್ಕಳು.

ಮಗಳೇ, ಸೊಕ್ಕು ಹೇಗಿರುತ್ತದೆಂದು ನನಗೆ ಗೊತ್ತು. ಇಷ್ಟು ವರ್ಷ ನನ್ನ ತಾಟಿನಲ್ಲೇ ಉಂಡಿದೆ. ನಿನ್ನದು ಸೊಕ್ಕಲ್ಲ. ಇಲ್ಲಿ ಕೆಡವಿದವರು, ಬಿದ್ದವರು ಇಬ್ಬರೂ ಬಾಗುತ್ತಾರೆ. ಬೀಳುವವರ ತಲೆಗೆ ಪೆಟ್ಟಾಗದಂತೆ ಕೆಡವುವವರೇ ತೋಳು ಹಿಡಿದಿರುತ್ತಾರೆ. ಹೊಡೆದವನು ನೆಟ್ಟಗೆ ನಿಂತು, ಪೆಟ್ಟು ತಿಂದವಳನ್ನು ಬಾಗು ಅಂದರೆ ಅದಕ್ಕೆ ವಿನಯವೆಂಬ ಹೆಸರಿಲ್ಲ. ನೀನು ಬಾಗದಿದ್ದುದು ಚಲೋ ಆಯಿತು.

ನಿನ್ನನ್ನೇ ನೆನೆಯುತ್ತಿರುವ
ಅವ್ವ ಹುಲಿಗೆವ್ವ

ತಾ.ಕ.: ಇದನ್ನು ಟಪಾಲಿಗೆ ಹಾಕಲಿಲ್ಲ, ನಿಮ್ಮಪ್ಪನ ಕೈಯಲ್ಲೇ ಕಳಿಸಿದ್ದೇನೆ. ನೀನು ಓದುವಷ್ಟು ಹೊತ್ತು ಅವರು ಪಡಸಾಲೆಯಲ್ಲಿ ನಿನ್ನ ಗಂಡ ಲೋಕಪ್ಪನ ಎದುರು ನಿಂತಿರುತ್ತಾರೆ. ಮೊದಲು ತಾವೇ ಕೈಮುಗಿಯುತ್ತಾರೆ. ಆಮೇಲೆ ಅವನೂ ಬಾಗಿದನೋ, ನೆಟ್ಟಗೇ ನಿಂತನೋ ನೀನೇ ಹೊರಗೆ ಬಂದು ನೋಡು. ಬರುತ್ತೇನೆ ಎಂದು ನೀನು ಒಂದು ಮಾತು ಹೇಳಿದರೆ ಸಾಕು, ಚೀಲ ಅವರು ಹೊರುತ್ತಾರೆ.