ಹಿಂದಿನ ಕೋಣೆಯ ಕೂಗು

ಅತ್ತಿಗೆ,

ಕರಾಟೆ ಪರೀಕ್ಷೆಗೆ ಹೊರಟೆ. ನಿಮ್ಮನ್ನು ಎಬ್ಬಿಸಲಿಲ್ಲ. ಹಾಲು ಕಾಯಿಸಿಟ್ಟಿದ್ದೇನೆ. ಅಣ್ಣನ ಅಂಗಿಗೆ ಇಸ್ತ್ರಿ ಹಾಕಿದ್ದೇನೆ, ಕಾಲರು ಮಾತ್ರ ನೀವೇ ಇನ್ನೊಮ್ಮೆ ತೀಡಿ. ನಾನು ಮಾಡಿದ್ದು ನಿಮಗೆ ಯಾವತ್ತು ಸರಿಬಂದಿದೆ?

ಹಿಂದಿನ ಕೋಣೆಯ ಬಾಗಿಲು ಹಾಕಿದ್ದೇನೆ. ಸದ್ಯಕ್ಕೆ ತೆಗೆಯಬೇಡಿ.

ಮೊನ್ನೆ ನೀವು ಆ ಬಾಗಿಲ ಮುಂದೆ ನಿಂತು, "ಸಾಕು ಕಣೇ, ಗಂಟಲು ಹರ್ಕೋಬೇಡ" ಅಂತ ಬೈಯುತ್ತಿದ್ದಾಗ ನಾನು ತರಕಾರಿ ಚೀಲ ಹಿಡಿದು ನಿಮ್ಮ ಬೆನ್ನ ಹಿಂದೆಯೇ ನಿಂತಿದ್ದೆ. ಒಳಗೆ ಕೂಗುತ್ತಿದ್ದದ್ದು ನನ್ನದೇ ದನಿ. ನೀವು ತಿರುಗಿ ನನ್ನ ಮುಖ ನೋಡಿದಿರಿ, ಚೀಲ ಇಸಿದುಕೊಂಡು ಅಡುಗೆಮನೆಗೆ ಹೋದಿರಿ. ಆ ಮಾತನ್ನು ಇಬ್ಬರೂ ಎತ್ತಿಲ್ಲ.

ತರಗತಿಯಲ್ಲಿ ಪ್ರತಿ ಏಟಿಗೂ ಕೂಗಬೇಕು. ನನ್ನ ಕೈ ಏಳುತ್ತದೆ, ದನಿ ಏಳುವುದಿಲ್ಲ. "ಕೂಗಲಿಲ್ಲ ಅಂದ್ರೆ ಬೆಲ್ಟ್ ಇಲ್ಲಮ್ಮ" ಎಂದಿದ್ದಾರೆ ಮಾಸ್ಟರು. ಈ ವಯಸ್ಸಲ್ಲಿ ಇದೆಲ್ಲ ನನ್ನ ಕೈಲಾಗುವುದೇ ಅನ್ನಿಸಿ, ನಿಮಗೆ ಕೇಳಿಸೀತೆಂದು ಹೆದರಿ, ಆ ಕೋಣೆಯಲ್ಲಿ ಬಾಯಿಗೆ ಟವೆಲ್ ಒತ್ತಿಕೊಂಡೇ ಅಭ್ಯಾಸ ಮಾಡುತ್ತಿದ್ದೆ. ನುಂಗಿದ ಕೂಗೆಲ್ಲ ಅಲ್ಲೇ ಉಳಿದುಬಿಟ್ಟಿರಬೇಕು.

ಈಗ ಹೊರಡುವಾಗ ಬಾಗಿಲ ಸಂದಿಯಲ್ಲಿ, "ಬರ್ತೀಯಾ?" ಅಂತ ಕೇಳಿದೆ. ಒಳಗೆ ಯಾರೋ ಉಸಿರು ಎಳೆದುಕೊಂಡಂತಾಯಿತು, ಅಷ್ಟೇ.

ಹತ್ತು ಗಂಟೆಗೆ ನನ್ನ ಸರದಿ. ಆಗ ಕೋಣೆ ಸುಮ್ಮನಿದ್ದರೆ ಆ ದನಿ ನನ್ನ ಜೊತೆ ಬಂದಿದೆ ಎಂದು ತಿಳಿಯಿರಿ. ಅಲ್ಲೇ ಕೂಗುತ್ತಿದ್ದರೆ, ಹೆದರದೆ ಬಾಗಿಲು ತೆಗೆದು, "ಇಲ್ಲೇನು ಮಾಡ್ತಿದ್ದೀಯೇ, ಅವಳು ಅಲ್ಲಿ ಕಾಯ್ತಿದ್ದಾಳೆ" ಅಂತ ಗದರಿ ಕಳಿಸಿ. ನಿಮ್ಮ ಮಾತು ಕೇಳುತ್ತದೆ. ಮೊನ್ನೆ ನೀವು ಬೈದ ಕೂಡಲೇ ಬಾಯಿ ಮುಚ್ಚಿತಲ್ಲ, ನನ್ನ ಹಾಗೇ.