ಟಿಪ್ಪಣಿ ಕೇಳಿದ ಹೆಡ್‌ಮಾಸ್ತರರಿಗೆ

ಹಮ್ಮಿಗಿ
೧೨ ಡಿಸೆಂಬರ್ ೧೯೮೮

ಹೆಡ್‌ಮಾಸ್ತರ ನಜೀರಸಾಬರಿಗೆ ಮೋತಿಬಿಯ ಸಲಾಂ.

ಭೂಮಿ ಬಿಸಿಯಾಗುತ್ತಿರುವ ಬಗ್ಗೆ ಈ ಭಾನುವಾರ ಶಾಲೆಯಲ್ಲಿ ಭಾಷಣ ಮಾಡಲಿದ್ದೀರಿ, ಅದಕ್ಕೆ ನನ್ನ ಟಿಪ್ಪಣಿ ಬೇಕೆಂದು ಬರೆದಿದ್ದೀರಿ.

ಒಂಬತ್ತು ವರ್ಷದ ಹಿಂದೆ ಮುಂಡರಗಿಯಲ್ಲಿ, ನಿಮ್ಮ ಕೈಕೆಳಗೆ, ಇದೇ ಪಾಠವನ್ನು ನಾನು ಎಂಟನೇ ತರಗತಿಗೆ ಹೇಳುತ್ತಿದ್ದೆ. ಕಲ್ಲಿದ್ದಲು, ಪೆಟ್ರೋಲು ಸುಟ್ಟಾಗ ಬರುವ ಅನಿಲವು ಭೂಮಿಯ ಶಾಖವನ್ನು ಹಿಡಿದಿಡುತ್ತದೆ ಎಂದು ಬೋರ್ಡಿನ ಮೇಲೆ ಬರೆದಿದ್ದೆ. ನೀವು ಒಳಗೆ ಬಂದು ಅದನ್ನು ಒರೆಸಿದಿರಿ.

“ಎರಡು ಕಂಬಳಿ ಹೊತ್ತರೂ ಥಂಡಿ ಹೋಗವಲ್ದು. ಎಲ್ಲೈತವಾ ನಿನ್ನ ಬಿಸಿ?” ಎಂದಿರಿ. ಮಕ್ಕಳು ನಕ್ಕರು.

“ಒಂದೂರಿನ ಒಂದು ಚಳಿಗಾಲ ನೋಡಿದ್ರ ತಿಳಿಯೂದಿಲ್ರಿ ಸರ್. ಇಡೀ ಭೂಮಿದು, ನೂರು ವರ್ಷದ್ದು ನೋಡಬೇಕ್ರಿ” ಎಂದೆ.

ಅದೇ ತಿಂಗಳು ನನ್ನನ್ನು ಇಲ್ಲಿಗೆ ಹೊಲಿಗೆ ಕಲಿಸಲು ಹಾಕಿಸಿದಿರಿ. ಅಂದಿನಿಂದ ಹುಡುಗಿಯರಿಗೆ ಅಂಗಿಯ ಗುಂಡಿಗೆ ಕಾಜಾ ಹೊಲಿಯುವುದನ್ನು ಕಲಿಸುತ್ತಿದ್ದೇನೆ.

ಟಿಪ್ಪಣಿ ಕಳಿಸುವುದಿಲ್ಲ. ಅದನ್ನೇ ಲೇಖನ ಮಾಡಿ ಗದಗಿನ ವಾರಪತ್ರಿಕೆಗೆ ಕೊಟ್ಟಿದ್ದೇನೆ. ಧ್ರುವದ ಹಿಮದೊಳಗೆ ಸಿಕ್ಕಿಕೊಂಡ ಲಕ್ಷ ವರ್ಷದ ಹಿಂದಿನ ಗಾಳಿಯಲ್ಲೂ ಈ ಅನಿಲ ಇಷ್ಟಿರಲಿಲ್ಲ ಎಂದು ಬರೆದಿದ್ದೇನೆ. ಅದು ತಾನಾಗಿಯೇ ಹೆಚ್ಚಿತು ಎನ್ನುವವರಿಗೆ, ಅದರಲ್ಲಿರುವ ಇಂಗಾಲವೇ ತಾನು ನೆಲದಡಿಯ ಇಂಧನ ಸುಟ್ಟು ಬಂದದ್ದೆಂದು ಗುರುತು ಹೇಳುತ್ತದೆ ಎಂದೂ ಬರೆದಿದ್ದೇನೆ. ಕೊನೆಗೆ, ಆ ದಿನ ತರಗತಿಯಲ್ಲಿ ನಡೆದದ್ದನ್ನು ನಿಮ್ಮ ಹೆಸರಿನೊಂದಿಗೆ ಬರೆದಿದ್ದೇನೆ.

ಪತ್ರಿಕೆ ಶನಿವಾರ ಬರುತ್ತದೆ. ಐವತ್ತು ಪ್ರತಿಗಳನ್ನು ನಿಮ್ಮ ಶಾಲೆಗೆ ಕಳಿಸಲು ಹೇಳಿದ್ದೇನೆ. ದಯವಿಟ್ಟು, ನೀವು ಮಾತಾಡಲು ಎದ್ದು ನಿಲ್ಲುವ ಮೊದಲೇ ಎಲ್ಲರ ಕೈಗೂ ಮುಟ್ಟಿಸಿರಿ.

ಇಂತಿ,
ಮೋತಿಬಿ, ಬಿ.ಎಸ್ಸಿ., ಬಿ.ಇಡಿ.