ಟವೆಲ್ಲಿನ ಕೆಳಗೆ

ಕರಿಯಪ್ಪ,

ಸುದ್ದಿ ಸೋರಿದ್ದು ಹೇಗೆಂದು ವಿಚಾರಣೆ ಶುರುವಾದ ದಿನ ಊರು ಬಿಟ್ಟ ನೀನು ಎಲ್ಲಿದ್ದೀಯೋ ಗೊತ್ತಿಲ್ಲ. ವಿಳಾಸ ಸಿಕ್ಕರೂ ಇದನ್ನು ಅಂಚೆಗೆ ಹಾಕಲಾರೆ.

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ನೀನು ಯಾರ ಮಾತನ್ನು ಕದ್ದು ಕೇಳಿ ನನಗೆ ಹೇಳಿದೆಯೋ, ಅದನ್ನು ಪತ್ರಿಕೆಗೆ ಬರೆದು ನಾನು ಯಾರ ಕುರ್ಚಿ ಅಲುಗಾಡಿಸಿದೆನೋ, ಆ ಮಂತ್ರಿ ಇವತ್ತು ತಿಪಟೂರಿಗೆ ಬಂದಿದ್ದ. ನಮ್ಮ ಪತ್ರಿಕೆಯ ಯಜಮಾನರಾದ ತೋಂಟದಾರ್ಯನವರ ಕೊಬ್ಬರಿ ಮಂಡಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ. ಜಿಲ್ಲೆಯನ್ನೇ ನಡುಗಿಸುವ ಮನುಷ್ಯ!

“ಸ್ವಲ್ಪ ಮಾತಾಡ್ಬೇಕಿತ್ತು ಕಣ್ರೀ” ಅಂದ.

“ಮಾತ್ಯಾಕೆ ಬುಡಿ, ಯಾರಾದ್ರೂ ಕೇಳುಸ್ಕತಾರೆ” ಎನ್ನುತ್ತಾ ಯಜಮಾನರು ಹೆಗಲ ಟವೆಲ್ ತೆಗೆದು ಇಬ್ಬರ ಕೈಗಳ ಮೇಲೆ ಹೊದಿಸಿದರು, ಮಂಡಿಯಲ್ಲಿ ಬೆರಳ ಲೆಕ್ಕದಲ್ಲೇ ಗುಟ್ಟಾಗಿ ಕೊಬ್ಬರಿಯ ದರ ಕುದುರಿಸುವ ಹಾಗೆಯೇ. ಬಟ್ಟೆಯ ಕೆಳಗೆ ಬೆರಳು ಬೆರಳನ್ನು ಹಿಡಿಯಿತು, ಬಿಟ್ಟಿತು, ಮತ್ತೆ ಹಿಡಿಯಿತು. ಮಂತ್ರಿಯ ಹಣೆಯಲ್ಲಿ ಬೆವರು. ಅಬ್ಬಾ, ಒಂದು ಮಂತ್ರಿಗಿರಿ ಒಂದೂ ಮಾತಿಲ್ಲದೆ ಉಳಿದದ್ದನ್ನು ಕಣ್ಣಾರೆ ಕಂಡೆ. ನಿನ್ನಂಥವನ ಕಿವಿಗೂ ಅಲ್ಲಿ ಸಿಗುವಂಥದ್ದು ಏನೂ ಇರಲಿಲ್ಲ.

ಮಂತ್ರಿ ಹೋದ ಮೇಲೆ ಯಜಮಾನರು ನನ್ನ ಕಡೆ ತಿರುಗಿದರು. “ಅದೆಲ್ಲ ಆ ಫೋನಿನೋನು ಕಟ್ಟಿದ ಕತೆ ಅಂತ ನಾಳೆಗೆ ಬರ್ದುಬುಡಪ್ಪ.”

ನನ್ನ ಬರವಣಿಗೆಯಲ್ಲಿ ಹೊಡೆದುಹಾಕಿದ್ದೇ ಹೆಚ್ಚು ಅಂತ ನಗುತ್ತಿದ್ದೆಯಲ್ಲ. ಇವತ್ತು ಒಂದು ಗೀಟೂ ಹಾಕದೆ ಬರೆದುಕೊಟ್ಟೆ.